ನಾಚಿಕೆಯೂ ಅವರದ್ದೇ, ಹೆಮ್ಮೆಯೂ ಅವರದ್ದೇ

ಹದಿನಾರು ಹದಿನೇಳರ ಮಕ್ಕಳ ನಡುವೆ ಇರುವವರಿಗೆ ಗೊತ್ತು: ಆ ವಯಸ್ಸಿನಲ್ಲಿ ‘ನಾನು ಯಾರು’ ಎಂಬ ಪ್ರಶ್ನೆ ಒಂಟಿಯಾಗಿ ಹುಟ್ಟುವುದೇ ಇಲ್ಲ. ‘ಇವರೆಲ್ಲ ನನ್ನನ್ನು ಏನೆಂದುಕೊಂಡಾರು’ ಎಂಬುದರ ಬೆನ್ನಿಗೇ ಅದು ಬರುತ್ತದೆ. ಹಿರಿಯರಾದ ನಾವು ಇದನ್ನು ಕಂಡಾಗ ‘ಯಾರು ಏನಂದರೇನು, ನೀನು ನೀನಾಗಿರು’ ಎಂದು ಬುದ್ಧಿ ಹೇಳಿ ಮುಗಿಸುತ್ತೇವೆ. ಕೇಳಲು ಚೆಂದದ ಮಾತು. ಮಕ್ಕಳಿಗೆ ಮಾತ್ರ ಅದು ಉಪಯೋಗಕ್ಕೆ ಬೀಳುವುದಿಲ್ಲ. ಅವರು ಆಗಬೇಕಾದ ಆ ‘ನೀನು’ ಇನ್ನೂ ರೂಪ ತಳೆದಿರುವುದಿಲ್ಲ. ಅದು ರೂಪ ತಳೆಯಬೇಕಾದ್ದೇ ಮನೆ, ತರಗತಿ, ಗೆಳೆಯರ ಬಳಗ, ಊರು ಎಂಬ ಹತ್ತು ಜನರ ನಡುವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಹತ್ತು ಜನರ ನಡುವೆಯೇ ಬೆಳೆಯುತ್ತ, ಹತ್ತು ಜನರ ಕಣ್ಣಿಗೆ ಒತ್ತೆ ಬೀಳದೆ ಇರುವುದು ಹೇಗೆ?

ಈ ಪ್ರಶ್ನೆಯನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳನ್ನು ಎದುರಿಗಿಟ್ಟುಕೊಂಡು ಯೋಚಿಸಲು ಕಾರಣವಿದೆ. ಇಲ್ಲಿ ‘ನಾವು ಹೀಗೆ’ ಎಂದು ಒಂದೇ ಉಸಿರಿನಲ್ಲಿ ಹೇಳುವಂತಿಲ್ಲ. ಬ್ರಹ್ಮಾವರ ದಾಟಿ, ಸೀತಾನದಿಯ ಮಾಬುಕಳ ಸೇತುವೆ ಕಳೆದು ಉತ್ತರಕ್ಕೆ ಬಂದರೆ ತುಳು ಹಿಂದೆ ಸರಿದು ಕುಂದಾಪ್ರ ಕನ್ನಡ ಕಿವಿ ತುಂಬುತ್ತದೆ. ಗಂಗೊಳ್ಳಿಯ ಖಾರ್ವಿಯರ ಮನೆಯಲ್ಲಿ ಕೊಂಕಣಿ, ಶಿರೂರಿನ ನವಾಯತರ ಮನೆಯಲ್ಲಿ ನವಾಯತಿ, ಬಾರ್ಕೂರು ಸುತ್ತಿನ ಕುಡುಬಿಯರ ಮನೆಯಲ್ಲಿ ಇನ್ನೊಂದು ಬಗೆಯ ಕೊಂಕಣಿ. ಕುಂದಾಪುರದ ರೋಸರಿ ಇಗರ್ಜಿ 1570ರಷ್ಟು ಹಳೆಯದು. ಬ್ರಹ್ಮಾವರದಲ್ಲಿ 19ನೇ ಶತಮಾನದ ಕೊನೆಗೆ ಕೆಥೋಲಿಕ್ ಸಭೆಯಿಂದ ಬೇರೆಯಾಗಿ ಆರ್ಥೊಡಾಕ್ಸ್ ಪಂಥ ಹಿಡಿದ ಕೊಂಕಣಿ ಕ್ರೈಸ್ತರಿದ್ದಾರೆ. ಬೈಂದೂರು, ಬ್ರಹ್ಮಾವರಗಳು ಸ್ವಂತ ತಾಲೂಕುಗಳಾದದ್ದೇ 2018ರಲ್ಲಿ; ಅದಕ್ಕೆ ಮೊದಲು ಅಲ್ಲಿನವರು ಕುಂದಾಪುರ ತಾಲೂಕಿನವರೋ ಉಡುಪಿ ತಾಲೂಕಿನವರೋ ಆಗಿದ್ದರು. ಗಡಿಗಳು, ಭಾಷೆಗಳು, ದೇವರುಗಳು ಇಷ್ಟು ಹತ್ತಿರ ಹತ್ತಿರ ಇರುವ ಜಾಗದಲ್ಲಿ ಬೆಳೆಯುವ ಮಗುವಿಗೆ ಒಂದೇ ಅಚ್ಚು ಕೊಟ್ಟು ‘ಇದಕ್ಕೆ ಹೊಂದಿಕೋ’ ಎನ್ನುವುದು ಅಸಹಜ. ಆದರೂ ಅಚ್ಚುಗಳು ಬರುತ್ತಲೇ ಇವೆ.

ಮೊದಲನೆಯ ಅಚ್ಚು ಮಾತಿನದ್ದು. ಹೊಸಂಗಡಿ ಕಡೆಯಿಂದ ಕುಂದಾಪುರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳಿಗೆ ಮನೆಯಿಂದ ಫೋನ್ ಬರುತ್ತದೆ. ‘ಅಬ್ಬೇ, ನಾ ಬಸ್ಸಂಗ್ ಇದ್ದೆ, ಕಡೀಕ್ ಮಾಡ್ತೆ’ ಎನ್ನುವಾಗ ಅವಳು ಕಿಟಕಿಯತ್ತ ತಿರುಗಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಿರುತ್ತಾಳೆ. ಎರಡು ನಿಮಿಷ ಕಳೆದು ಬೆಂಗಳೂರಿನ ಗೆಳತಿಯ ಕರೆ ಬಂದರೆ ಕೈ ಕೆಳಗಿಳಿಯುತ್ತದೆ, ದನಿ ಏರುತ್ತದೆ, ಅರ್ಧ ಇಂಗ್ಲಿಷಿನ ಪೇಟೆಯ ಕನ್ನಡ ಸರಾಗವಾಗಿ ಹರಿಯುತ್ತದೆ. ಎರಡು ಬಗೆಯಲ್ಲಿ ಮಾತಾಡುವುದು ತಪ್ಪಲ್ಲ. ಈ ಕರಾವಳಿಯ ಮೀನು ಮಾರುವ ಹೆಂಗಸರು ಗಿರಾಕಿಗೆ ತಕ್ಕಂತೆ ತುಳು, ಕನ್ನಡ, ಕೊಂಕಣಿಗಳ ನಡುವೆ ಓಡಾಡುತ್ತಾರೆ, ಅದು ಅವರ ಜಾಣತನ. ನನ್ನನ್ನು ಯೋಚನೆಗೆ ಹಚ್ಚುವುದು ಆ ಅಡ್ಡ ಹಿಡಿದ ಕೈ. ಅಮ್ಮನ ಜೊತೆ ಆಡುವ ಮಾತನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಯಾರೂ ಕೂತು ಕಲಿಸಿದ್ದಲ್ಲ. ಯಾವುದೋ ಹಾಸ್ಟೆಲಿನಲ್ಲಿ ಯಾರೋ ನಕ್ಕರು, ಯಾವುದೋ ಧಾರಾವಾಹಿಯಲ್ಲಿ ಅಡುಗೆ ಭಟ್ಟನ ಬಾಯಿಗೆ ಆ ಮಾತು ಹಾಕಿದರು, ಯಾರೋ ‘ಇದ್ಯಾವ ಕನ್ನಡ’ ಎಂದರು. ಅಷ್ಟು ಸಾಕಾಯಿತು. ನಾಚಿಕೆ ಹೊರಗಿನಿಂದ ಬಂತು, ಆದರೆ ಒಳಗಿನದೇ ಎಂಬಂತೆ ಕೂತುಬಿಟ್ಟಿತು.

ಇದು ಇಂದಿನ ಮೊಬೈಲ್ ಕಾಲದ ಕಾಯಿಲೆ ಎಂದುಕೊಳ್ಳಬೇಡಿ. ಕೋಟದವರೇ ಆದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಇಂಗ್ಲಿಷ್ ಓದಲು ಪೇಟೆಗೆ ಹೋದ ಲಚ್ಚನನ್ನು ಚಿತ್ರಿಸಿದ್ದು 1940ರ ದಶಕದ ಆರಂಭದಲ್ಲಿ. ಲಚ್ಚ ಹಾಳಾಗುವುದು ಓದಿನಿಂದ ಅಲ್ಲ. ಪೇಟೆಯ ಜೊತೆಗಾರರ ಸಮಕ್ಕೆ ನಿಲ್ಲಬೇಕೆಂಬ ಹಂಬಲದಲ್ಲಿ ತನ್ನ ಮನೆಯನ್ನು, ತನಗಾಗಿ ಬೆವರು ಹರಿಸಿದವರನ್ನು ಕೀಳಾಗಿ ಕಾಣಲು ಕಲಿತದ್ದರಿಂದ. ಬೆನ್ನಹಿಂದಿನದನ್ನು ತುಚ್ಛವಾಗಿ ಕಾಣದೆ ಮುಂದಿನ ಬಳಗಕ್ಕೆ ಸೇರಲಾಗದು ಎಂಬ ಷರತ್ತು ಅಂದೂ ಇತ್ತು, ಇಂದೂ ಇದೆ.

ಆದರೆ ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. 2019ರಿಂದ ಆಷಾಢ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. ಊರಿನಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲೂ ಅದರ ಗೌಜಿ ಜೋರು. 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿಯವರ ‘ಕಾಂತಾರ’ ಬಂದು ಈ ನೆಲದ ಮಾತು ದೇಶದ ಚಿತ್ರಮಂದಿರಗಳಲ್ಲಿ ಕೇಳಿಸಿತು. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಬಸ್ರೂರಿನ ರವಿ ಬಸ್ರೂರು ತಮ್ಮ ಊರಿನ ಹೆಸರನ್ನೇ ಹೆಸರಾಗಿ ಹೊತ್ತು ಸಂಗೀತ ಕೊಡುತ್ತಿದ್ದಾರೆ. ಇವೆಲ್ಲ ಸಂತೋಷದ ಸಂಗತಿಗಳು, ಮನಸಾರೆ ಸಂತೋಷಪಡುತ್ತೇನೆ. ಹಿಂದೆ ಕೈ ಅಡ್ಡ ಹಿಡಿದವರು ಈಗ ‘ಹ್ವಾಯ್, ನಮ್ದ್ ಕುಂದಾಪ್ರ’ ಎಂದು ಸ್ಟೇಟಸ್ ಹಾಕಿಕೊಳ್ಳುತ್ತಾರೆ.

ಇಲ್ಲಿಯೇ ತುಸು ನಿಂತು ಯೋಚಿಸಬೇಕು. ನಿನ್ನೆ ಬೆಂಗಳೂರಿನವರು ನಕ್ಕರೆಂದು ನಾಚಿದೆವು. ಇಂದು ಬೆಂಗಳೂರಿನವರು ಚಪ್ಪಾಳೆ ತಟ್ಟಿದರೆಂದು ಹೆಮ್ಮೆಪಟ್ಟೆವು. ನಾಚಿಕೆಯೂ ಅವರದ್ದೇ, ಹೆಮ್ಮೆಯೂ ಅವರದ್ದೇ. ಎರಡರ ನಡುವೆ ನಮ್ಮದೆಂಬುದು ಏನು ಉಳಿಯಿತು? ಕುಂದಾಪ್ರ ಕನ್ನಡದ ಪರವಾಗಿ ವಾದಿಸುವಾಗಲೂ ನಾವು ಮೊದಲು ಎತ್ತುವ ಮಾತು ಅದರಲ್ಲಿ ಹಳಗನ್ನಡದ ರೂಪಗಳಿವೆ ಎಂಬುದು. ಕಾಂಬ, ಹೋಪ, ಬಪ್ಪ ಎಂಬ ರೂಪಗಳು ಹಳೆಯ ಕಾವ್ಯಗಳಲ್ಲಿ ಇರುವುದು ನಿಜ. ಆದರೆ ಪಂಪನ ಕಾಲದ ಸರ್ಟಿಫಿಕೇಟ್ ಸಿಗದೆ ಹೋಗಿದ್ದರೆ ಅಬ್ಬಿಯ ಮಾತಿಗೆ ಬೆಲೆ ಇರುತ್ತಿರಲಿಲ್ಲವೇ? ಹೊರಗಿನ ಒಪ್ಪಿಗೆಯ ಮೇಲೆ ನಿಂತ ಹೆಮ್ಮೆ ಹೊರಗಿನವರ ಮನಸ್ಸು ತಿರುಗಿದ ದಿನ ಕುಸಿಯುತ್ತದೆ. ಹದಿನೇಳರ ಹುಡುಗ ಇದನ್ನು ಬೇಗ ಅರ್ಥಮಾಡಿಕೊಂಡಷ್ಟೂ ಒಳ್ಳೆಯದು. ತಾನು ನಾಚುತ್ತಿರುವುದು ಯಾರ ಕಣ್ಣಿನಿಂದ ಎಂದು ಕೇಳಿಕೊಂಡಂತೆಯೇ ತಾನು ಬೀಗುತ್ತಿರುವುದು ಯಾರ ಕಣ್ಣಿನಿಂದ ಎಂದೂ ಅವನು ಕೇಳಿಕೊಳ್ಳಬೇಕು.

ಎರಡನೆಯ ಅಚ್ಚು ಅಂಕದ್ದು. 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ. 93.90 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲನೆಯದಾಯಿತು. ಮಕ್ಕಳ, ಮೇಷ್ಟ್ರುಗಳ ದುಡಿಮೆ ಅದರ ಹಿಂದಿದೆ. ಆದರೆ ನೂರಕ್ಕೆ ತೊಂಬತ್ತನಾಲ್ಕು ಮಂದಿ ಪಾಸಾಗುವ ಜಾಗದಲ್ಲಿ ಉಳಿದ ಆರು ಮಂದಿಯ ಪಾಡು ಯೋಚಿಸಿ. ಫೇಲಾಗುವುದು ಅಪರೂಪವಾದಷ್ಟೂ ಫೇಲಾದವರ ಮೇಲೆ ಬೀಳುವ ಕಣ್ಣುಗಳು ಹೆಚ್ಚು. ಪಾಸಾದವರಿಗೂ ಬಿಡುವಿಲ್ಲ. ವಿಜ್ಞಾನ ತೆಗೆದುಕೊಳ್ಳದ ಜಾಣ ಹುಡುಗಿಗೆ ಮದುವೆ ಮನೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ‘ಎಂತಕೆ ಸಾಯನ್ಸ್ ತಕಣ್ಲಿಲ್ಲೆ’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರಿಗೆ ಕೇಡಿನ ಮನಸ್ಸಿಲ್ಲ. ಹತ್ತು ಜನ ಅಕ್ಕರೆಯಿಂದಲೇ ಕೇಳಿದ ಒಂದೇ ಪ್ರಶ್ನೆ ಒಟ್ಟಾಗಿ ಒಂದು ಆಜ್ಞೆಯಾಗುತ್ತದೆ. ಸಾಮಾಜಿಕ ಒತ್ತಡ ಬಹುಪಾಲು ಕೆಲಸ ಮಾಡುವುದು ಹೀಗೆಯೇ: ಆಜ್ಞೆ ಕೊಟ್ಟವರು ಯಾರೂ ಸಿಗುವುದಿಲ್ಲ, ಪಾಲಿಸುವವರು ಮಾತ್ರ ಇರುತ್ತಾರೆ.

ಮೂರನೆಯ ಅಚ್ಚನ್ನು ದೇಶವೆಲ್ಲ ನೋಡಿತು. 2022ರ ಫೆಬ್ರವರಿ ಮೊದಲ ವಾರದಲ್ಲಿ ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು ಹಿಜಾಬ್ ಧರಿಸಿ ಬಂದ ವಿದ್ಯಾರ್ಥಿನಿಯರ ಮುಂದೆ ಮುಚ್ಚಿತು. ಹಿಜಾಬಿಗೆ ಎದುರಾಗಿ ಹುಡುಗರು ಕೇಸರಿ ಶಾಲು ಹೊದ್ದು ಬಂದಿದ್ದರು. ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಕಾನೂನಿನ ಪ್ರಶ್ನೆಯನ್ನು ಕಾನೂನು ಬಲ್ಲವರು ನೋಡಿಕೊಳ್ಳಲಿ. ನನ್ನ ಮಾತು ಆ ಮಕ್ಕಳ ಬಗ್ಗೆ. ಜನವರಿಯ ತನಕ ಅವರು ಹಲವು ಆಗಿದ್ದರು: ಅಕೌಂಟೆನ್ಸಿಯಲ್ಲಿ ಜಾಣೆ, ಥ್ರೋಬಾಲ್ ಆಟಗಾರ್ತಿ, ಗಂಗೊಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ನೋಟ್ಸ್ ಕೊಡುವವನು, ಹಾಡುವವನು. ಫೆಬ್ರವರಿಯಲ್ಲಿ ಎರಡೇ ಆದರು. ಬಟ್ಟೆಯ ತುಂಡೊಂದು ಉಳಿದೆಲ್ಲವನ್ನೂ ಅಳಿಸಿಹಾಕಿತು. ಹುಡುಗಿಯರಲ್ಲಿ ಕೆಲವರಿಗೆ ಹಿಜಾಬ್ ಸ್ವಂತ ನಂಬಿಕೆ, ಕೆಲವರಿಗೆ ಮನೆಯ ರೂಢಿ ಇದ್ದೀತು. ಹುಡುಗರಲ್ಲಿ ಕೆಲವರಿಗೆ ಶಾಲು ಆವೇಶ, ಕೆಲವರಿಗೆ ಬರೀ ಜೊತೆಯವರ ಭಯ ಇದ್ದೀತು. ಆ ವ್ಯತ್ಯಾಸಗಳನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಕ್ಯಾಮೆರಾಗಳ ಮುಂದೆ ಹದಿಹರೆಯದವರನ್ನು ನಿಲ್ಲಿಸಿ ‘ನೀನು ಇದು ಮಾತ್ರ’ ಎಂದು ಹೇಳಿದ ಹಿರಿಯರು, ಅವರು ಯಾವ ಕಡೆಯವರೇ ಆಗಿರಲಿ, ಆ ಮಕ್ಕಳಿಗೆ ಅನ್ಯಾಯ ಮಾಡಿದರು. ಓದಲು ಬಂದ ಮಗು ಗೇಟಿನ ಹೊರಗೆ ನಿಂತು ಕಲಿತ ಪಾಠ ಬಹುಕಾಲ ಮರೆಯುವಂಥದ್ದಲ್ಲ. ಒಳಗಿನಿಂದ ಅದನ್ನು ನೋಡುತ್ತ ನಿಂತ ಮಗು ಕಲಿತದ್ದೂ ಅಷ್ಟೇ ಕೆಟ್ಟದ್ದು.

ಗುಂಪಿನ ಎದುರು ಮನುಷ್ಯ ಎಷ್ಟು ದುರ್ಬಲ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಸರಳವಾದ ಪ್ರಯೋಗವೊಂದರಿಂದ ತೋರಿಸಿದರು. ಒಂದು ಗೆರೆಗೆ ಸಮನಾದ ಗೆರೆ ಮೂರರಲ್ಲಿ ಯಾವುದು ಎಂದು ಹೇಳಬೇಕು. ಕಣ್ಣಿದ್ದವರಿಗೆ ಉತ್ತರ ಎದುರಿಗೇ ಇದೆ. ಆದರೆ ಸುತ್ತ ಕೂತವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಉತ್ತರ ಹೇಳುತ್ತಾರೆ. ಪರೀಕ್ಷೆಗೆ ಒಳಗಾದ ಕಾಲೇಜು ಹುಡುಗರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಒಮ್ಮೆಯಾದರೂ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಮಾತಿಗೆ ತಲೆಯಾಡಿಸಿದರು. ಈ ಪ್ರಯೋಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಸಾಕು, ತಲೆಯಾಡಿಸುವವರ ಸಂಖ್ಯೆ ಥಟ್ಟನೆ ಇಳಿಯುತ್ತಿತ್ತು. ಅಂದರೆ ಗುಂಪನ್ನು ಎದುರಿಸಲು ಮಹಾ ಧೈರ್ಯವೇ ಬೇಕೆಂದಿಲ್ಲ. ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಒಬ್ಬ ಗೆಳೆಯ ಬೇಕು. ಹಾಗಿದ್ದ ಮೇಲೆ ‘ಗಟ್ಟಿಯಾಗು’ ಎಂದು ಒಂಟಿ ಮಗುವಿಗೆ ಉಪದೇಶಿಸುವುದಕ್ಕಿಂತ ಅದರ ಪಕ್ಕದ ಮಗುವಿಗೆ ‘ನೀನು ಅವನ ಜೊತೆ ಕೂರು’ ಎಂದು ಹೇಳುವುದು ಹೆಚ್ಚು ಕೆಲಸದ ಮಾತು.

ಇಷ್ಟರಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಹೊಂದಿಕೊಳ್ಳುವುದೇ ತಪ್ಪೇ? ಎಲ್ಲರೂ ತಮ್ಮಿಷ್ಟದಂತೆ ನಿಂತರೆ ಊರು ನಡೆಯುವುದು ಹೇಗೆ? ಆಕ್ಷೇಪ ನ್ಯಾಯವಾದದ್ದು. ಮರವಂತೆಯಿಂದ ಕೋಡಿಯ ತನಕ ಕಡಲಂಚಿನಲ್ಲಿ ಕೈರಂಪಣಿ ಬಲೆ ಎಳೆಯುವಾಗ ಹಗ್ಗ ಹಿಡಿದವರೆಲ್ಲ ಒಂದೇ ಲಯಕ್ಕೆ ಬರದಿದ್ದರೆ ಬಲೆ ದಡ ಸೇರುವುದಿಲ್ಲ. ಹೊಂದಿಕೊಳ್ಳುವುದು ಒಂದು ವಿದ್ಯೆ, ಅದನ್ನು ಕಲಿಯದವನು ಬೇಗ ಬಡವನಾಗುತ್ತಾನೆ. ನನ್ನ ಜಗಳ ಹೊಂದಿಕೆಯ ಜೊತೆಗಿಲ್ಲ. ಬಲೆ ಎಳೆದು ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಮನೆಗೆ ತನ್ನ ಹೆಸರಿನಲ್ಲಿ ಹೋಗುತ್ತಾನೆ. ಹಗ್ಗ ಹಿಡಿಯುವುದಕ್ಕೆ ಅವನು ಯಾರನ್ನೂ ದ್ವೇಷಿಸಬೇಕಾಗಿಲ್ಲ, ಏನನ್ನೂ ಮುಚ್ಚಿಡಬೇಕಾಗಿಲ್ಲ. ಸೇರುವುದಕ್ಕೂ ಅಡಗುವುದಕ್ಕೂ ಇರುವ ಅಂತರ ಅಷ್ಟು.

ಈ ಅಂತರವನ್ನು ಈ ಸೀಮೆ ಬಹಳ ಹಿಂದಿನಿಂದ ಬಲ್ಲದು. ನಮ್ಮ ಯಕ್ಷಗಾನ ನಿಂತಿರುವುದೇ ಅದರ ಮೇಲೆ. ಪ್ರಸಂಗದ ಪದ್ಯಗಳು ಕವಿ ಬರೆದಿಟ್ಟದ್ದು, ಭಾಗವತರು ಹಾಡುವುದು. ಅವುಗಳನ್ನು ವೇಷಧಾರಿ ಬದಲಿಸುವಂತಿಲ್ಲ. ಆದರೆ ಪದ್ಯ ಮುಗಿದ ಮೇಲೆ ಆಡುವ ಮಾತು, ಅಂದರೆ ಅರ್ಥ, ಯಾರೂ ಬರೆದುಕೊಟ್ಟದ್ದಲ್ಲ. ಅದು ಆ ಹೊತ್ತಿಗೆ ಅವನೊಳಗಿನಿಂದ ಬರಬೇಕು. ಕರ್ಣಭೇದನವನ್ನು ನೆನೆಯಿರಿ. ಕೃಷ್ಣ ಬಂದು ಕರ್ಣನಿಗೆ ಅವನ ಹುಟ್ಟು ತಿಳಿಸುತ್ತಾನೆ, ನೀನು ಸೂತನ ಮಗನಲ್ಲ, ಕುಂತಿಯ ಹಿರಿಯ ಮಗ ಎನ್ನುತ್ತಾನೆ. ಅಷ್ಟಕ್ಕೆ ‘ನಾನು ಯಾರು’ ಎಂಬ ಪ್ರಶ್ನೆ ತೀರಬೇಕಿತ್ತು. ತೀರುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ. ಹುಟ್ಟು ಒಂದು ಸಂಗತಿ, ಸಾಕಿದವರ ಋಣ ಇನ್ನೊಂದು, ಕೊಟ್ಟ ಮಾತು ಮತ್ತೊಂದು. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕವೆಂದು ಕರ್ಣನೇ ತೀರ್ಮಾನಿಸಬೇಕು. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿಯ ಕರ್ಣ ಇನ್ನೊಬ್ಬನ ಕರ್ಣನಂತೆ ಇರುವುದಿಲ್ಲ, ಪದ್ಯಗಳು ಮಾತ್ರ ಅವೇ. ಹದಿಹರೆಯದವರಿಗೆ ಸಿಕ್ಕಿರುವುದೂ ಇಂಥದ್ದೇ ಪರಿಸ್ಥಿತಿ. ಮನೆತನ, ಮನೆಮಾತು, ಮತ, ಮೈಬಣ್ಣ, ಅಪ್ಪನ ಸಂಬಳ ಇವು ಹಾಡಿಯಾದ ಪದ್ಯಗಳು. ಅರ್ಥ ಹೇಳುವ ಸರದಿ ಅವರದು, ಅದನ್ನು ಬೇರೆಯವರು ಬರೆದುಕೊಡುವಂತಿಲ್ಲ.

ಆದರೆ ಪದ್ಯವೇ ಅನ್ಯಾಯದ್ದಾಗಿದ್ದರೆ? ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದರೆ ನನ್ನ ವಾದ ಉಳ್ಳವರ ವಾದವಾಗುತ್ತದೆ. ಕೊರಗ ಸಮುದಾಯದ ಮೇಲೆ ಈ ಜಿಲ್ಲೆ ತಲೆತಲಾಂತರ ಹೇರಿದ ಅಜಲು ಪದ್ಧತಿಯನ್ನು ನೆನೆಯಿರಿ: ಉಗುರು, ಕೂದಲು ಬೆರೆಸಿದ ಅನ್ನವನ್ನು ಮನುಷ್ಯರಿಗೆ ಉಣ್ಣಿಸುವ ಪದ್ಧತಿ. ಅದನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕ ಕಾಯಿದೆಯನ್ನೇ ತರಬೇಕಾಯಿತು. ಇಂಥ ಗುರುತಿಗೆ ಒಳ್ಳೆಯ ಅರ್ಥ ಹೇಳು ಎಂದು ಕೊರಗರ ಮಗುವಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಬದಲಾಗಬೇಕಾದ್ದು ಊರು. ಅರ್ಥ ಹೇಳುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಕೆಲವು ಮಕ್ಕಳು ರಂಗಸ್ಥಳಕ್ಕೆ ಬರುವ ಮೊದಲೇ ಅರ್ಧ ಸೋತಿರುತ್ತಾರೆ. ಹುಡುಗನೊಬ್ಬನ ನಡಿಗೆ ಮೆದುವಾಗಿದ್ದರೆ ಅವನಿಗೆ ತರಗತಿಯಲ್ಲಿ ಸಿಗುವ ಅಡ್ಡಹೆಸರುಗಳನ್ನೂ ಇಲ್ಲಿಯೇ ಹೇಳಬೇಕು. ಗಂಡಸರು ಕಟ್ಟುವ ಸ್ತ್ರೀವೇಷವನ್ನು ಇರುಳೆಲ್ಲ ಕೂತು ನೋಡಿ ಮೆಚ್ಚುವ ಊರು ಇದು. ರಂಗಸ್ಥಳದಲ್ಲಿ ಮೆಚ್ಚಿದ್ದನ್ನು ಶಾಲೆಯ ಅಂಗಳದಲ್ಲಿ ಸಹಿಸಲಾರದೆ ಹೋಗುವುದು ನಮ್ಮ ಸಣ್ಣತನ, ಆ ಹುಡುಗನ ದೋಷವಲ್ಲ.

ಹೊರಗಿನಿಂದ ಬಂದದ್ದನ್ನು ತನ್ನದಾಗಿಸಿಕೊಳ್ಳಬಹುದು ಎಂಬುದಕ್ಕೆ ಕುಂದಾಪುರದಲ್ಲೇ ಉದಾಹರಣೆಯಿದೆ. ಇಲ್ಲಿನ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಓದಿದ ತರುಣಿಯೊಬ್ಬರು ‘ಸುಧಾ’ ವಾರಪತ್ರಿಕೆಗೆ ಕಥೆ ಕಳಿಸಿ, ಅದು ನಿಜ ಜೀವನದ ಕಥೆಯೆಂದು ಅಂಜಿ ಪ್ರಕಟಿಸಬೇಡಿ ಎಂದು ಬರೆದರು. ಸಂಪಾದಕರು ಹೆಸರು ಬದಲಿಸಿ ಪ್ರಕಟಿಸಿದರು. ಹಾಗೆ ಬೇರೆಯವರು ಇಟ್ಟ ಹೆಸರೇ ವೈದೇಹಿ. ಹಿಂಜರಿಕೆಯ ಹೊತ್ತಿನಲ್ಲಿ ಮರೆಗೆಂದು ಸಿಕ್ಕ ಆ ಹೆಸರಿನಲ್ಲಿಯೇ ಅವರು ಕುಂದಾಪುರದ ಹೆಂಗಸರ ಅಡುಗೆಮನೆ, ಜಗಲಿ, ಹಿತ್ತಿಲುಗಳ ಮಾತನ್ನು ಕನ್ನಡ ಸಾಹಿತ್ಯದ ನಡುಮನೆಗೆ ತಂದರು. 2009ರಲ್ಲಿ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದದ್ದರಿಂದ ಆ ಹೆಂಗಸರ ಮಾತು ದೊಡ್ಡದಾಗಲಿಲ್ಲ. ಯಾರೂ ಚಪ್ಪಾಳೆ ತಟ್ಟದ ಕಾಲದಲ್ಲೇ ಅದನ್ನು ಕಿವಿಗೊಟ್ಟು ಕೇಳಿ ಬರೆದವರೊಬ್ಬರು ಇದ್ದರು ಎಂಬುದು ಮುಖ್ಯ. ನಾಚಿಕೆಗೂ ಹೆಮ್ಮೆಗೂ ಆಚೆ ಮೂರನೆಯ ದಾರಿ ಅದೇ: ತನ್ನದನ್ನು ಗಮನ ಕೊಟ್ಟು ತಿಳಿದುಕೊಳ್ಳುವುದು. ತಿಳಿದವರಿಗೆ ಅಡಗಿಸುವ ಅಗತ್ಯವೂ ಮೆರೆಸುವ ಅಗತ್ಯವೂ ಕಡಿಮೆಯಾಗುತ್ತದೆ.

ಹದಿನೇಳರ ಓದುಗರೇ, ನಿಮಗೆ ಎರಡು ಪ್ರಶ್ನೆಗಳನ್ನು ಕೊಡುತ್ತೇನೆ. ಯಾವುದೇ ಬಳಗಕ್ಕೆ ಸೇರುವಾಗ ಇವನ್ನು ಕೇಳಿಕೊಳ್ಳಿ. ಅದು ವಾಟ್ಸಾಪ್ ಗುಂಪಿರಲಿ, ಕ್ರಿಕೆಟ್ ಟೀಮಿರಲಿ, ಧರ್ಮದ ಹೆಸರಿನ ಸಂಘಟನೆಯಿರಲಿ. ಇಲ್ಲಿ ‘ನನಗೆ ಒಪ್ಪಿಗೆಯಿಲ್ಲ’ ಎಂದು ಹೇಳಿಯೂ ನಾನು ಉಳಿಯಬಹುದೇ? ಇವರಲ್ಲಿ ಒಬ್ಬನಾಗಲು ನಾನು ಇನ್ನೊಬ್ಬರನ್ನು ಕೀಳಾಗಿ ಕಾಣಬೇಕೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿ, ಮನಸ್ಸಿಟ್ಟು ಹಗ್ಗ ಎಳೆಯಿರಿ. ಉತ್ತರ ಬೇರೆಯಾಗಿದ್ದರೆ ಆ ಬಳಗ ನಿಮ್ಮನ್ನು ಸೇರಿಸಿಕೊಳ್ಳುತ್ತಿಲ್ಲ, ಬಳಸಿಕೊಳ್ಳುತ್ತಿದೆ.

ಹಿರಿಯರಲ್ಲಿ, ನನ್ನಂತೆ ಪಾಠ ಹೇಳುವವರಲ್ಲಿ, ಒಂದೇ ವಿನಂತಿ. ಮಕ್ಕಳು ಅರ್ಥ ಹೇಳಲು ಬಾಯಿ ತೆರೆದಾಗ ಭಾಗವತಿಕೆಯನ್ನೂ ಅರ್ಥಗಾರಿಕೆಯನ್ನೂ ನಾವೇ ಮಾಡಹೊರಡಬಾರದು. ಅವರು ತಡವರಿಸಲಿ, ಇಂದು ಹೇಳಿದ್ದನ್ನು ನಾಳೆ ಬದಲಿಸಲಿ, ಕುಂದಾಪ್ರ ಕನ್ನಡವನ್ನೂ ಇಂಗ್ಲಿಷನ್ನೂ ಒಂದೇ ವಾಕ್ಯದಲ್ಲಿ ಆಡಲಿ, ವಿಜ್ಞಾನ ಬಿಟ್ಟು ಕಲೆ ಓದಲಿ, ನಮಗೆ ಒಗ್ಗದ ಗೆಳೆಯರನ್ನು ಮನೆಗೆ ಕರೆತರಲಿ. ಅವರ ಬೆಂಚಿನಲ್ಲಿ ಬೇರೆ ಮನೆಮಾತಿನ, ಬೇರೆ ಮತದ ಒಬ್ಬ ಗೆಳೆಯನಾದರೂ ಕೂರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಗೇಟು ತೆರೆದಿಡುವುದೂ ನಮ್ಮ ಕೆಲಸವೇ. ಉಳಿದದ್ದನ್ನು ಮಕ್ಕಳು ಮಾಡಿಕೊಳ್ಳುತ್ತಾರೆ.